‘ವಿತ್‌ಡ್ರಾವಲ್’ ಎಂದಿದ್ದರೆ ಕನ್ನಡದಲ್ಲಿ ಯಾವುದು: ತೆಗೆಯುವುದೋ, ಹಿಂತೆಗೆಯುವುದೋ, ಹಿಂದೆ ಸರಿಯುವುದೋ, ಬಿಡುವುದೋ?

ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಕನ್ನಡದಲ್ಲಿ ಅರ್ಜಿ ಬರೆಯುವವರ ಮುಂದೆ ಹೆಚ್ಚಾಗಿ ಎರಡು ನಮೂನೆಗಳಿರುತ್ತವೆ. ಒಂದು ಇಂಗ್ಲಿಷಿನದು, ಇನ್ನೊಂದು ಮಲಯಾಳದ್ದು. ಇಂಗ್ಲಿಷಿನಲ್ಲಿ ‘ವಿತ್‌ಡ್ರಾವಲ್’ ಎಂದಿದ್ದಲ್ಲೆಲ್ಲ ಮಲಯಾಳದಲ್ಲಿ ಬಹುಮಟ್ಟಿಗೆ ‘ಪಿನ್‌ವಲಿಕ್ಕಲ್’ ಎಂದೇ ಇರುತ್ತದೆ. ಬ್ಯಾಂಕಿನ ಹಣಕ್ಕೂ ಅದೇ, ನಾಮಪತ್ರಕ್ಕೂ ಅದೇ, ಸೇನೆಗೂ ಅದೇ. ಎರಡೂ ಕಡೆ ಒಂದೇ ಪದ ಕಂಡಾಗ ಕನ್ನಡದಲ್ಲೂ ಒಂದೇ ಸಾಕೆಂದು ತೋರುತ್ತದೆ. ಹಾಗಾಗಿ ‘ಹಣ ಹಿಂತೆಗೆದುಕೊಳ್ಳುವಿಕೆ’, ‘ಮುಂಗಾರು ಹಿಂತೆಗೆದುಕೊಳ್ಳುವಿಕೆ’, ‘ಹಾಲಿನ ಹಿಂತೆಗೆದುಕೊಳ್ಳುವಿಕೆ ಅವಧಿ’ ಎಂಬ ಬರಹಗಳು ಹುಟ್ಟುತ್ತವೆ. ಮೊದಲ ಎರಡು ಕಿವಿಗೆ ಒರಟಾಗಿವೆ, ಅಷ್ಟೆ. ಮೂರನೆಯದು ಅಪಾಯಕಾರಿ. ದನಕ್ಕೆ ಮದ್ದು ಕೊಟ್ಟ ಮೇಲೆ ಹಾಲು ಬಳಸಬಾರದ ದಿನಗಳು ಎಂಬ ಅರ್ಥ ದನ ಸಾಕುವವರಿಗೆ ಅದರಿಂದ ಹೊಳೆಯುವುದಿಲ್ಲ, ಹೊಳೆಯದೆ ಹೋದರೆ ಮದ್ದಿನ ಅಂಶವಿರುವ ಹಾಲು ಸಂಘಕ್ಕೆ ಹೋಗುತ್ತದೆ.

1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆಯ ಪ್ರಕಾರ ಇಲ್ಲಿನ ಭಾಷಾ ಅಲ್ಪಸಂಖ್ಯಾತರು ಸರ್ಕಾರದೊಂದಿಗೆ ಕನ್ನಡದಲ್ಲೇ ವ್ಯವಹರಿಸಬಹುದು. ಆ ಹಕ್ಕು ಕೈಗೆ ಸಿಗಬೇಕಾದರೆ ಅರ್ಜಿಯ ಕನ್ನಡ ಖಚಿತವಾಗಿರಬೇಕು. ಓದಿದ ಅಧಿಕಾರಿಗೆ ಎರಡು ಅರ್ಥ ಬಂದರೆ ಕಾಗದ ಮೇಜಿನ ಮೇಲೇ ಉಳಿಯುತ್ತದೆ.

ಮೊದಲು ಇಂಗ್ಲಿಷ್ ವಾಕ್ಯ ನೋಡಿ

ಕನ್ನಡದ ಪದ ಹುಡುಕುವ ಮೊದಲು ಮೂಲ ವಾಕ್ಯದಲ್ಲಿ ಎರಡು ಸಂಗತಿ ನೋಡಬೇಕು. ‘ವಿತ್‌ಡ್ರಾ’ ಕ್ರಿಯಾಪದಕ್ಕೆ ಕರ್ಮ, ಅಂದರೆ ‘ಏನನ್ನು’ ಎಂಬುದಕ್ಕೆ ಉತ್ತರವಾಗುವ ಪದ, ಇದೆಯೇ? ‘ಫ್ರಮ್’ ಇದೆಯೇ?

ಕರ್ಮ ಮಾತ್ರ ಇದ್ದರೆ, ಅಂದರೆ ಅರ್ಜಿಯನ್ನೋ ಹೇಳಿಕೆಯನ್ನೋ ಬೆಂಬಲವನ್ನೋ ವಿತ್‌ಡ್ರಾ ಮಾಡಿದ್ದರೆ, ಒಮ್ಮೆ ಕೊಟ್ಟದ್ದನ್ನು ಕೊಟ್ಟವರೇ ವಾಪಸ್ ತೆಗೆದುಕೊಂಡಿದ್ದಾರೆ. ಇಲ್ಲಿ ‘ಹಿಂತೆಗೆದುಕೊಳ್ಳು’ ಸರಿ. ಕರ್ಮ ಇಲ್ಲದೆ ‘ಫ್ರಮ್’ ಮಾತ್ರ ಇದ್ದರೆ, ಅಂದರೆ ಸ್ಪರ್ಧೆಯಿಂದಲೋ ಒಪ್ಪಂದದಿಂದಲೋ ಮಾತುಕತೆಯಿಂದಲೋ ಯಾರಾದರೂ ವಿತ್‌ಡ್ರಾ ಆಗಿದ್ದರೆ, ಅಲ್ಲಿ ವಸ್ತುವಿಲ್ಲ, ಮನುಷ್ಯನೇ ಜಾಗ ಬಿಟ್ಟಿದ್ದಾನೆ. ಅದಕ್ಕೆ ‘ಹಿಂದೆ ಸರಿ’ ಅಥವಾ ‘ಹೊರಬರು’. ಎರಡೂ ಇದ್ದರೆ, ಅಂದರೆ ಖಾತೆಯಿಂದ ಹಣವನ್ನು ವಿತ್‌ಡ್ರಾ ಮಾಡಿದ್ದರೆ, ಇಟ್ಟಲ್ಲಿಂದ ಹೊರಗೆ ತಂದಂತೆ. ಅದಕ್ಕೆ ‘ತೆಗೆ’ ಸಾಕು.

ಮಲಯಾಳ ಬಲ್ಲವರಿಗೆ ಇನ್ನೊಂದು ಆಸರೆಯಿದೆ. ಮಲಯಾಳದಲ್ಲಿಯೂ ‘ಪಿನ್‌ವಲಿಕ್ಕಲ್’ ಎಂದರೆ ಏನನ್ನಾದರೂ ಹಿಂದಕ್ಕೆ ಎಳೆಯುವುದು, ‘ಪಿನ್‌ಮಾಟ್ಟಂ’ ಎಂದರೆ ತಾನೇ ಹಿಂದೆ ಹೋಗುವುದು. ಮಲಯಾಳದ ಕಾಗದದಲ್ಲಿ ಎರಡನೆಯದು ಕಂಡರೆ ‘ಹಿಂತೆಗೆ’ ಎಂದು ಬರೆಯಲು ಕಾರಣವೇ ಇಲ್ಲ.

ಈ ಪರೀಕ್ಷೆ ಕ್ರಿಯಾಪದಕ್ಕೆ ಚೆನ್ನಾಗಿ ಹೊಂದುತ್ತದೆ, ನಾಮಪದಕ್ಕೆ ಪೂರ್ತಿ ಹೊಂದುವುದಿಲ್ಲ. ‘ವಿತ್‌ಡ್ರಾವಲ್ ಆಫ್’ ಎಂದಿದ್ದಾಗ ಮುಂದಿರುವುದು ಎಳೆಯಲ್ಪಟ್ಟದ್ದೋ ತಾನೇ ಸರಿದದ್ದೋ ಎಂದು ಹೇಳಲಾಗದು. ಪಡೆಗಳ ವಿತ್‌ಡ್ರಾವಲ್ ಎಂದರೆ ಸರ್ಕಾರ ಪಡೆಗಳನ್ನು ವಾಪಸ್ ಕರೆಸಿಕೊಂಡದ್ದು. ಮುಂಗಾರಿನ ವಿತ್‌ಡ್ರಾವಲ್ ಎಂದರೆ ಮುಂಗಾರು ತಾನಾಗಿ ಮರಳಿದ್ದು. ಹೀಗಿರುವಲ್ಲಿ ನಾಮಪದವನ್ನು ಒಡೆದು ‘ಯಾರು ಏನು ಮಾಡಿದರು’ ಎಂಬ ಪೂರ್ತಿ ವಾಕ್ಯ ಮಾಡಿಕೊಂಡರೆ ಕನ್ನಡ ತಾನಾಗಿ ಸಿಗುತ್ತದೆ. ‘-ಕೊಳ್ಳುವಿಕೆ’ ಎಂದು ಮುಗಿಯುವ ಉದ್ದ ನಾಮಪದಗಳನ್ನು ಆದಷ್ಟು ಬಿಡುವುದೇ ಒಳ್ಳೆಯದು. ಅವು ಇಂಗ್ಲಿಷ್ ನಾಮಪದದ ನೆರಳಿನಲ್ಲಿ ಹುಟ್ಟಿದವು, ಮಾತಿನಲ್ಲಿ ಯಾರೂ ಆಡುವುದಿಲ್ಲ.

ಬ್ಯಾಂಕಿನಲ್ಲಿ

ಇಲ್ಲಿ ‘ಹಣ ತೆಗೆಯುವುದು’ ಎಂಬುದಕ್ಕಿಂತ ಒಳ್ಳೆಯ ಮಾತಿಲ್ಲ. ತುಳುವಿನಲ್ಲೂ ‘ಕಾಸ್ ದೆಪ್ಪುನಿ’ ಎಂದೇ ಹೇಳುವುದು. ‘ಹಿಂಪಡೆಯುವುದು’ ಎಂದು ಪತ್ರಿಕೆಗಳಲ್ಲಿ ಬರುತ್ತದೆ, ತಪ್ಪಲ್ಲ. ‘ಹಿಂತೆಗೆತ’ ಮಾತ್ರ ಬೇಡ, ಏಕೆಂದರೆ ಹಣ ತೆಗೆದವರು ಯಾವ ಮಾತನ್ನೂ ಹಿಂದಕ್ಕೆ ತೆಗೆದುಕೊಂಡಿಲ್ಲ.

ಕೌಂಟರಿನಲ್ಲಿ ಸಿಗುವ ವಿತ್‌ಡ್ರಾವಲ್ ಸ್ಲಿಪ್ಪಿನಲ್ಲಿ ಇಲ್ಲಿ ಸಾಮಾನ್ಯವಾಗಿ ಮಲಯಾಳ, ಹಿಂದಿ, ಇಂಗ್ಲಿಷ್ ಇರುತ್ತವೆ. ಕನ್ನಡ ಬಲ್ಲವರಿಗೆ ಅದನ್ನು ವಿವರಿಸುವಾಗ ಸ್ಲಿಪ್ಪಿಗೂ ಚೆಕ್ಕಿಗೂ ಇರುವ ವ್ಯತ್ಯಾಸ ಹೇಳಬೇಕು. ಸ್ಲಿಪ್ಪಿನಲ್ಲಿ ಹಣ ತೆಗೆಯಬಹುದಾದವರು ಖಾತೆದಾರರು ಮಾತ್ರ, ಅದೂ ಪಾಸ್‌ಬುಕ್ ಹಿಡಿದು ತಾವೇ ಹೋದಾಗ. ಬೇರೆಯವರನ್ನು ಕಳಿಸಬೇಕಾದರೆ, ತಂದವರ ಕೈಗೆ ಹಣ ಕೊಡುವ ಬೇರರ್ ಚೆಕ್ ಬೇಕು. ‘ಸ್ಲಿಪ್ಪಿಗೆ ಸಹಿ ಹಾಕಿ ಮಗನ ಕೈಯಲ್ಲಿ ಕೊಟ್ಟೆ’ ಎಂದು ಬಂದವರು ಬರಿಗೈಯಲ್ಲಿ ಮರಳುವುದು ಇದೇ ಕಾರಣಕ್ಕೆ. ಚೆಕ್ಕಿನಲ್ಲಿ ‘ಸೆಲ್ಫ್’ ಎಂದು ಬರೆದರೆ ತನಗಾಗಿ ತೆಗೆದಂತೆ. ಚೆಕ್ಕಿನ ಆಯುಸ್ಸು ಅದರ ಮೇಲಿನ ದಿನಾಂಕದಿಂದ 3 ತಿಂಗಳು. 2012ರ ಏಪ್ರಿಲ್ 1ಕ್ಕೆ ಮೊದಲು 6 ತಿಂಗಳಿತ್ತು, ಹಳೆಯ ಲೆಕ್ಕ ಹಿಡಿದವರು ಈಗಲೂ ಇದ್ದಾರೆ.

ಪಾಸ್‌ಬುಕ್ಕಿನ ‘ವಿತ್‌ಡ್ರಾವಲ್’ ಕಾಲಂ ಇನ್ನೊಂದು ಗೊಂದಲ. ಅದರಡಿ ನಗದು ತೆಗೆದದ್ದು ಮಾತ್ರವಲ್ಲ, ಎಸ್‌ಎಂಎಸ್ ಶುಲ್ಕ, ವಿಮೆಯ ಕಂತು, ಸಾಲದ ಕಂತು ಎಲ್ಲವೂ ಬರುತ್ತವೆ. ಆ ಕಾಲಂಗೆ ಕನ್ನಡದಲ್ಲಿ ‘ಖರ್ಚು’ ಅಥವಾ ‘ಕಡಿತ’ ಎನ್ನಬೇಕು. ‘ತೆಗೆದದ್ದು’ ಎಂದು ಹೇಳಿಬಿಟ್ಟರೆ, ನಾನು ತೆಗೆದೇ ಇಲ್ಲವಲ್ಲ ಎಂದು ಹಿರಿಯರು ಗಾಬರಿಯಾಗುತ್ತಾರೆ.

ಎಟಿಎಂ ದೂರಿನಲ್ಲಿ ಈ ವ್ಯತ್ಯಾಸಕ್ಕೆ ಹಣದ ಬೆಲೆಯೇ ಇದೆ. ಯಂತ್ರದಿಂದ ನೋಟು ಬಾರದೆ ಖಾತೆಯಲ್ಲಿ ಮೊತ್ತ ಕಡಿಮೆಯಾಗಿದ್ದರೆ ದೂರಿನಲ್ಲಿ ‘5,000 ರೂಪಾಯಿ ವಿತ್‌ಡ್ರಾ ಮಾಡಿದೆ’ ಎಂದು ಬರೆಯಬಾರದು. ಹಾಗೆ ಬರೆದರೆ ಹಣ ಕೈಗೆ ಬಂತೆಂದೇ ಅರ್ಥ. ‘ನೋಟು ಹೊರಬಂದಿಲ್ಲ, ಖಾತೆಯಿಂದ 5,000 ರೂಪಾಯಿ ಕಡಿತವಾಗಿದೆ’ ಎಂದು ಬರೆದು ದಿನಾಂಕ, ಸಮಯ, ಎಟಿಎಂ ಇರುವ ಸ್ಥಳ ಸೇರಿಸಬೇಕು. ಇಂತಹ ಮೊತ್ತವನ್ನು ಬ್ಯಾಂಕು ವ್ಯವಹಾರದ ದಿನದಿಂದ 5 ದಿನಗಳೊಳಗೆ ತಾನಾಗಿ ಮರಳಿ ಜಮೆ ಮಾಡಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2019ರಲ್ಲಿ ನಿಯಮ ಮಾಡಿದೆ. ಹೀಗೆ ಹಣ ಖಾತೆಗೆ ಮರಳುವುದು ‘ಮರುಜಮೆ’. ಕೆಲವರು ಇದಕ್ಕೂ ‘ಹಿಂಪಡೆ’ ಎಂದು ಬರೆಯುತ್ತಾರೆ. ಒಂದೇ ದೂರಿನಲ್ಲಿ ಹೋದ ಹಣಕ್ಕೂ ಬಂದ ಹಣಕ್ಕೂ ಒಂದೇ ಪದ ಬಂದರೆ ಓದುವವರಿಗೆ ತಲೆಬುಡ ಸಿಗುವುದಿಲ್ಲ.

ಅವಧಿ ಠೇವಣಿಯ ‘ಪ್ರಿಮೆಚ್ಯೂರ್ ವಿತ್‌ಡ್ರಾವಲ್’ಗೆ ಜನ ಹೇಳುವುದು ‘ಎಫ್‌ಡಿ ಮುರಿಸುವುದು’. ಬರಹದಲ್ಲಿ ‘ಅವಧಿಗೆ ಮುನ್ನ ಠೇವಣಿ ಮುರಿಯುವುದು’ ಎಂದರೆ ಸ್ಪಷ್ಟ.

ಮಂಗಳೂರು, ಬೆಂಗಳೂರುಗಳಲ್ಲಿ ದುಡಿದು ಊರಿಗೆ ಮರಳಿದವರು ಕೇಳುವ ‘ಪಿಎಫ್ ವಿತ್‌ಡ್ರಾವಲ್’ ನಿಜವಾಗಿ ಮೂರು ಬೇರೆ ಕೆಲಸಗಳು. ನೌಕರಿಯಲ್ಲಿರುವಾಗಲೇ ಒಂದು ಭಾಗ ತೆಗೆಯುವುದು ‘ಮುಂಗಡ’, ಅದಕ್ಕೆ ಫಾರಂ 31. ನೌಕರಿ ಬಿಟ್ಟ ಮೇಲೆ ಭವಿಷ್ಯನಿಧಿಯ ಲೆಕ್ಕ ಮುಗಿಸುವುದು ‘ಅಂತಿಮ ಪಾವತಿ’, ಅದಕ್ಕೆ ಫಾರಂ 19. ಪಿಂಚಣಿ ಭಾಗದ ಮೊತ್ತಕ್ಕೆ ಫಾರಂ 10ಸಿ. ಪಿಂಚಣಿ ಯೋಜನೆಯಲ್ಲಿ 10 ವರ್ಷ ಸೇವೆ ಮುಗಿದವರು ಆ ಭಾಗವನ್ನು ಇಡಿಯಾಗಿ ತೆಗೆಯುವಂತಿಲ್ಲ, ಅವರಿಗೆ ಸಿಗುವುದು ವಯಸ್ಸಾದ ಮೇಲೆ ಪಿಂಚಣಿ. ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ‘ವಿತ್‌ಡ್ರಾ ಮಾಡಿ ಕೊಡಿ’ ಎಂದಷ್ಟೇ ಹೇಳಿದರೆ ತಪ್ಪು ಫಾರಂ ಹೋಗಿ ಅರ್ಜಿ ತಿರಸ್ಕೃತವಾಗಬಹುದು. ‘ಮುಂಗಡ ಬೇಕು’ ಅಥವಾ ‘ಲೆಕ್ಕ ಮುಗಿಸಬೇಕು’ ಎಂದು ಹೇಳಿ.

ನಾಮಪತ್ರ: ಎರಡು ಮಾತು, ಎರಡು ಫಲ

ಚುನಾವಣೆಯ ಸುದ್ದಿಯಲ್ಲಿ ‘ನಾಮಪತ್ರ ಹಿಂತೆಗೆದುಕೊಂಡರು’, ‘ಕಣದಿಂದ ಹಿಂದೆ ಸರಿದರು’ ಎಂಬ ಎರಡನ್ನೂ ಅದಲು ಬದಲು ಮಾಡಿ ಬಳಸುವುದು ರೂಢಿ. ಕಾನೂನಿನ ದೃಷ್ಟಿಯಲ್ಲಿ ಇವೆರಡರ ನಡುವೆ ದೊಡ್ಡ ಅಂತರವಿದೆ.

1951ರ ಜನಪ್ರತಿನಿಧಿ ಕಾಯ್ದೆಯ 37ನೇ ಕಲಮಿನ ಪ್ರಕಾರ ಉಮೇದುವಾರಿಕೆ ಹಿಂತೆಗೆದುಕೊಳ್ಳಬೇಕಾದರೆ ಲಿಖಿತ ನೋಟಿಸು ಬೇಕು. 1961ರ ಚುನಾವಣಾ ನಿಯಮಗಳಲ್ಲಿ ಅದಕ್ಕೆಂದೇ ಫಾರಂ 5 ಇದೆ. ಅಭ್ಯರ್ಥಿ ಸಹಿ ಹಾಕಿ ತಾನೇ ಚುನಾವಣಾಧಿಕಾರಿಗೆ ಕೊಡಬೇಕು, ಇಲ್ಲವೇ ಲಿಖಿತ ಅಧಿಕಾರ ಪಡೆದ ಸೂಚಕ ಅಥವಾ ಚುನಾವಣಾ ಏಜೆಂಟ್ ಕೊಡಬೇಕು. ನಿಗದಿತ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಅದು ತಲುಪಬೇಕು. ಆ ದಿನ ಸಾಮಾನ್ಯವಾಗಿ ನಾಮಪತ್ರ ಪರಿಶೀಲನೆಯ ನಂತರದ ಎರಡನೆಯ ದಿನ, ರಜೆ ಬಂದರೆ ಮುಂದಿನ ಕೆಲಸದ ದಿನ. ಒಮ್ಮೆ ಕೊಟ್ಟ ನೋಟಿಸನ್ನು ರದ್ದು ಮಾಡಿಸಲು ಬರುವುದಿಲ್ಲ. ಮನಸ್ಸು ಬದಲಾಯಿತು ಎಂದು ಸಂಜೆ ಹೋದರೂ ಪ್ರಯೋಜನವಿಲ್ಲ.

ಈ ಗಡುವಿನ ನಂತರ ಅಭ್ಯರ್ಥಿಯೊಬ್ಬರು ಪತ್ರಿಕಾಗೋಷ್ಠಿ ಕರೆದು ಇನ್ನೊಬ್ಬರಿಗೆ ಬೆಂಬಲ ಸಾರಿದರೆ ಅದು ‘ಕಣದಿಂದ ಹಿಂದೆ ಸರಿದದ್ದು’ ಮಾತ್ರ. ಮತಯಂತ್ರದಲ್ಲಿ ಅವರ ಹೆಸರೂ ಚಿಹ್ನೆಯೂ ಇದ್ದೇ ಇರುತ್ತವೆ, ಬಿದ್ದ ಮತ ಎಣಿಕೆಯಾಗುತ್ತದೆ, ಹೆಚ್ಚು ಮತ ಬಿದ್ದರೆ ಗೆಲ್ಲಲೂಬಹುದು. ಇದನ್ನು ‘ನಾಮಪತ್ರ ಹಿಂತೆಗೆತ’ ಎಂದು ಬರೆದ ವರದಿ ಓದಿದ ಮತದಾರ, ಆ ಹೆಸರು ಯಂತ್ರದಲ್ಲಿ ಇರುವುದಿಲ್ಲವೆಂದು ನಂಬಿ ಮತಗಟ್ಟೆಗೆ ಹೋಗುತ್ತಾನೆ. ಗಡಿನಾಡಿನ ಕ್ಷೇತ್ರಗಳಲ್ಲಿ ಸುದ್ದಿ ಮಲಯಾಳದಿಂದ ಕನ್ನಡಕ್ಕೆ ಬರುವಾಗ ಈ ತಪ್ಪು ಬೇಗ ನುಸುಳುತ್ತದೆ. ಗಡುವಿನೊಳಗೆ ಲಿಖಿತವಾಗಿ ಕೊಟ್ಟರೆ ಹಿಂತೆಗೆತ, ನಂತರ ಬಾಯಿಮಾತಿನಲ್ಲಿ ಹೇಳಿದರೆ ಹಿಂದೆ ಸರಿಯುವುದು. ಅಧಿಕಾರಿ ಒಪ್ಪದೆ ತಳ್ಳಿದರೆ ಅದು ‘ತಿರಸ್ಕೃತ’, ಅದಕ್ಕೂ ಇವೆರಡಕ್ಕೂ ಸಂಬಂಧವಿಲ್ಲ.

ಹಿಂತೆಗೆ, ಹಿಂಪಡೆ, ವಾಪಸ್

‘ನಾಮಪತ್ರ ಹಿಂಪಡೆದರು’ ಎಂದೂ ಪತ್ರಿಕೆಗಳು ಬರೆಯುತ್ತವೆ. ಹಾಗೆ ಬರೆದವರನ್ನು ತಪ್ಪೆನ್ನಲಾಗದು, ಆದರೆ ಎರಡು ಪದಗಳಿಗೆ ಎರಡು ಕೆಲಸ ಹಂಚಿದರೆ ಬರಹ ಹಗುರಾಗುತ್ತದೆ. ಕೊಟ್ಟ ವಸ್ತು ಪುನಃ ಕೈಗೆ ಬಂದರೆ ‘ಹಿಂಪಡೆ’. ಕೊಟ್ಟ ಮಾತು, ಸಹಿ, ಒಪ್ಪಿಗೆ ಬಲ ಕಳೆದುಕೊಂಡರೆ ‘ಹಿಂತೆಗೆದುಕೊಳ್ಳು’. ವಿಧಾನಸಭೆಗೆ ಸ್ಪರ್ಧಿಸುವವರು 10,000 ರೂಪಾಯಿ ಠೇವಣಿ ಇಡಬೇಕು, ಪರಿಶಿಷ್ಟರಿಗೆ ಅದರ ಅರ್ಧ. ಗಡುವಿನೊಳಗೆ ನಾಮಪತ್ರ ಹಿಂತೆಗೆದುಕೊಂಡವರು ಆ ಠೇವಣಿಯನ್ನು ಹಿಂಪಡೆಯಬಹುದು. ಎರಡಕ್ಕೂ ಒಂದೇ ಪದ ಹಾಕಿ ಈ ವಾಕ್ಯ ಬರೆದು ನೋಡಿದರೆ ತೊಡಕು ತಿಳಿಯುತ್ತದೆ.

‘-ಕೊಳ್ಳು’ ಸೇರಿಸುವುದೋ ಬಿಡುವುದೋ ಎಂಬುದೂ ಯೋಚಿಸಬೇಕಾದ ಸಂಗತಿ. ತನ್ನದನ್ನು ತಾನು ತೆಗೆದುಕೊಂಡಾಗ ‘ಹಿಂತೆಗೆದುಕೊಂಡರು’. ಮೇಲಧಿಕಾರಿ ಇನ್ನೊಬ್ಬರಿಗೆ ಕೊಟ್ಟಿದ್ದ ಸವಲತ್ತನ್ನು ಕಿತ್ತುಕೊಂಡಾಗ ‘ಸವಲತ್ತು ಹಿಂತೆಗೆದರು’ ಎಂದರೂ ನಡೆಯುತ್ತದೆ, ‘ವಾಪಸ್ ಪಡೆದರು’ ಎಂದರೂ ನಡೆಯುತ್ತದೆ. ಮನುಷ್ಯರನ್ನು ಮಾತ್ರ ಹಿಂತೆಗೆಯುವುದಲ್ಲ. ರಾಯಭಾರಿಯನ್ನು, ಅಧಿಕಾರಿಯನ್ನು, ಪಡೆಯನ್ನು ‘ವಾಪಸ್ ಕರೆಸಿಕೊಳ್ಳುವುದು’ ಕನ್ನಡದ ರೀತಿ.

‘ವಾಪಸ್’ ಎಂಬುದನ್ನು ಕೀಳಾಗಿ ನೋಡುವವರಿದ್ದಾರೆ. ಹಾಗೆ ನೋಡಬೇಕಿಲ್ಲ. ‘ಬೆಂಬಲ ವಾಪಸ್’ ಎಂಬ ಶೀರ್ಷಿಕೆ ಎಲ್ಲರಿಗೂ ಒಂದೇ ಕ್ಷಣಕ್ಕೆ ತಿಳಿಯುತ್ತದೆ. 2008ರ ಜುಲೈ 8ರಂದು ಪರಮಾಣು ಒಪ್ಪಂದದ ವಿಷಯದಲ್ಲಿ ಎಡಪಕ್ಷಗಳು ಯುಪಿಎ ಸರ್ಕಾರಕ್ಕೆ ಕೊಟ್ಟಿದ್ದ ಬೆಂಬಲ ಹಿಂತೆಗೆದುಕೊಂಡದ್ದನ್ನು ಹೇಳಲು ‘ವಾಪಸ್’ ಧಾರಾಳ ಸಾಕು. ಅರ್ಜಿಯಲ್ಲಿ, ನ್ಯಾಯಾಲಯದ ಕಾಗದದಲ್ಲಿ ‘ಹಿಂತೆಗೆದುಕೊಳ್ಳು’ ಇಟ್ಟುಕೊಂಡು ಸುದ್ದಿಯಲ್ಲೂ ಮಾತಿನಲ್ಲೂ ‘ವಾಪಸ್’ ಬಳಸುವುದು ಒಳ್ಳೆಯ ಹಂಚಿಕೆ.

ಕೋರ್ಟಿನ ಕಾಗದ

‘ಕೇಸು ಹಿಂದಕ್ಕೆ ತೆಗೆದೆ’ ಎಂಬ ಮಾತಿನೊಳಗೆ ಕಡಿಮೆಯೆಂದರೆ ನಾಲ್ಕು ಬೇರೆ ಕ್ರಮಗಳು ಅಡಗಿವೆ. ಇಲ್ಲಿ ಪದ ತಪ್ಪಿದರೆ ಹಕ್ಕೇ ಹೋಗಬಹುದು.

ಸಿವಿಲ್ ದಾವೆಯಲ್ಲಿ ವಾದಿ ತನ್ನ ದಾವೆಯನ್ನು ಹಿಂತೆಗೆದುಕೊಳ್ಳಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 23ನೇ ಆದೇಶದ 1ನೇ ನಿಯಮ ಇದನ್ನು ಹೇಳುತ್ತದೆ. ಆದರೆ ಅದೇ ವಿಷಯದಲ್ಲಿ ಮತ್ತೆ ದಾವೆ ಹೂಡಬೇಕೆಂದಿದ್ದರೆ ಹಿಂತೆಗೆದುಕೊಳ್ಳುವಾಗಲೇ ನ್ಯಾಯಾಲಯದ ಅನುಮತಿ ಪಡೆಯಬೇಕು. ದಾವೆಯಲ್ಲಿ ಔಪಚಾರಿಕ ದೋಷವಿದೆಯೆಂದೋ ಬೇರೆ ಸಾಕಷ್ಟು ಕಾರಣವಿದೆಯೆಂದೋ ತೋರಿಸಬೇಕು. ಅನುಮತಿ ಇಲ್ಲದೆ ಹಿಂತೆಗೆದುಕೊಂಡರೆ ಅದೇ ವಿಷಯಕ್ಕೆ ಹೊಸ ದಾವೆ ಹೂಡುವಂತಿಲ್ಲ. ಹಾಗಾಗಿ ಕನ್ನಡದಲ್ಲಿ ಬರೆಯುವಾಗ ‘ದಾವೆ ಹಿಂತೆಗೆದುಕೊಂಡಿದ್ದೇನೆ’ ಎಂದಷ್ಟೇ ಬರೆಯುವುದಕ್ಕೂ ‘ಹೊಸ ದಾವೆ ಹೂಡಲು ಅನುಮತಿ ಕೋರಿ ಈ ದಾವೆಯನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ’ ಎಂದು ಬರೆಯುವುದಕ್ಕೂ ಅಜಗಜಾಂತರ.

ಕ್ರಿಮಿನಲ್ ಪ್ರಕರಣದಲ್ಲಿ, ಎಫ್‌ಐಆರ್ ದಾಖಲಾದ ಮೇಲೆ ದೂರುದಾರನಿಗೆ ಅದನ್ನು ತಾನಾಗಿ ಹಿಂತೆಗೆದುಕೊಳ್ಳುವ ಅಧಿಕಾರವಿಲ್ಲ. ಪ್ರಕರಣ ನಡೆಸುವುದು ಸರ್ಕಾರ. ಎರಡೂ ಕಡೆಯವರು ಒಪ್ಪಿ ಮುಗಿಸುವುದು ‘ರಾಜಿ’, ಅದು ಕಾನೂನು ಪಟ್ಟಿ ಮಾಡಿರುವ ಅಪರಾಧಗಳಿಗೆ ಮಾತ್ರ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದು 359ನೇ ಕಲಮು. ಸರ್ಕಾರಿ ಅಭಿಯೋಜಕರು (ಪಬ್ಲಿಕ್ ಪ್ರಾಸಿಕ್ಯೂಟರ್) ನ್ಯಾಯಾಲಯದ ಒಪ್ಪಿಗೆ ಪಡೆದು ಪ್ರಕರಣ ಕೈಬಿಡುವುದು 360ನೇ ಕಲಮು. ಇಂಗ್ಲಿಷ್ ಶೀರ್ಷಿಕೆಯಲ್ಲಿ ‘ವಿತ್‌ಡ್ರಾವಲ್ ಫ್ರಮ್’ ಎಂದೇ ಇದೆ. ಇಲ್ಲಿಯೂ ಮೇಲೆ ಹೇಳಿದ ‘ಫ್ರಮ್’ ಪರೀಕ್ಷೆ ಹೊಂದುತ್ತದೆ: ಅಭಿಯೋಜಕರು ಅಭಿಯೋಜನೆಯಿಂದ ಹಿಂದೆ ಸರಿಯುತ್ತಾರೆ. ಇನ್ನು ಹೈಕೋರ್ಟು ಪ್ರಕರಣವನ್ನೇ ಇಲ್ಲವಾಗಿಸಿದರೆ ಅದು ‘ರದ್ದು’. ನಾಲ್ಕನ್ನೂ ‘ಕೇಸು ವಾಪಸ್’ ಎಂದು ಬರೆದರೆ ಓದುಗನಿಗೆ ಯಾರು ಬಿಟ್ಟರು, ಏಕೆ ಬಿಟ್ಟರು ಎಂಬುದೇ ತಿಳಿಯದು.

ರಾಜೀನಾಮೆಯದು ಇನ್ನೊಂದು ಬಗೆ. ಮುಂದಿನ ಒಂದು ದಿನಾಂಕದಿಂದ ಜಾರಿಗೆ ಬರುವಂತೆ ಕೊಟ್ಟ ರಾಜೀನಾಮೆಯನ್ನು ಆ ದಿನ ಬರುವ ಮೊದಲು ಹಿಂತೆಗೆದುಕೊಳ್ಳಬಹುದು ಎಂದು ಹೈಕೋರ್ಟ್ ನ್ಯಾಯಾಧೀಶರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲಿ ತೀರ್ಪಿತ್ತಿತು. ಜಾರಿಗೆ ಬಂದ ಮೇಲೆ ಸಾಮಾನ್ಯವಾಗಿ ಹಿಂತೆಗೆಯಲು ಏನೂ ಉಳಿಯುವುದಿಲ್ಲ. ಆಗ ಬರೆಯಬೇಕಾದದ್ದು ‘ಪುನಃ ನೇಮಿಸಿಕೊಳ್ಳುವಂತೆ ಕೋರಿಕೆ’.

ರದ್ದು, ಅಮಾನ್ಯ, ನಿಷೇಧ, ತಡೆ

ಇವು ‘ಹಿಂತೆಗೆತ’ದ ನೆರೆಹೊರೆಯ ಪದಗಳು. ಕೂಡಿಸಿಕೊಂಡರೆ ತಪ್ಪು ಸುದ್ದಿ ಹರಡುತ್ತದೆ.

2016ರ ನವೆಂಬರ್ 8ರ ರಾತ್ರಿ 500, 1000 ರೂಪಾಯಿ ನೋಟುಗಳ ಕಾನೂನು ಮಾನ್ಯತೆ ಹೋಯಿತು. ಅದು ಅಮಾನ್ಯೀಕರಣ, ಜನರ ಮಾತಿನಲ್ಲಿ ನೋಟು ರದ್ದತಿ. 2023ರ ಮೇ 19ರಂದು ರಿಸರ್ವ್ ಬ್ಯಾಂಕ್ 2000 ರೂಪಾಯಿ ನೋಟನ್ನು ‘ಚಲಾವಣೆಯಿಂದ ಹಿಂತೆಗೆದುಕೊಳ್ಳುತ್ತೇವೆ’ ಎಂದಿತು, ಕಾನೂನು ಮಾನ್ಯತೆ ಹಾಗೆಯೇ ಉಳಿಯಿತು. ಇದನ್ನು ‘2000ದ ನೋಟು ರದ್ದು’ ಎಂದು ಬರೆದ ಕಡೆ, ಮಾನ್ಯತೆಯೇ ಹೋಯಿತೆಂದು ಓದಿದವರು ತಿಳಿದರೆ ಅವರ ತಪ್ಪಲ್ಲ.

ಶಾಸನದಲ್ಲಿಯೂ ಹೀಗೆಯೇ. ಮಸೂದೆಯನ್ನು ಹಿಂತೆಗೆದುಕೊಳ್ಳುತ್ತಾರೆ, ಕಾಯ್ದೆಯನ್ನು ರದ್ದು ಮಾಡುತ್ತಾರೆ. 2022ರ ಆಗಸ್ಟ್ 3ರಂದು ವೈಯಕ್ತಿಕ ದತ್ತಾಂಶ ಸಂರಕ್ಷಣಾ ಮಸೂದೆ ಲೋಕಸಭೆಯಲ್ಲಿ ಹಿಂತೆಗೆತವಾಯಿತು. ಮೂರು ಕೃಷಿ ಕಾಯ್ದೆಗಳನ್ನು 2021ರ ನವೆಂಬರಿನಲ್ಲಿ ಸಂಸತ್ತು ಇನ್ನೊಂದು ಮಸೂದೆ ಒಪ್ಪಿ ರದ್ದು ಮಾಡಬೇಕಾಯಿತು, ಏಕೆಂದರೆ ಅವು ಆಗಲೇ ಕಾಯ್ದೆಗಳಾಗಿದ್ದವು.

ಕಾಸರಗೋಡಿನವರಿಗೆ ಎಂಡೋಸಲ್ಫಾನಿನ ಉದಾಹರಣೆ ಸಾಕು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಆ ಕೀಟನಾಶಕವನ್ನು ತಯಾರಕರು ಮನಸ್ಸಾರೆ ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡದ್ದಲ್ಲ. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲಿ ಅದರ ಉತ್ಪಾದನೆ, ಮಾರಾಟ, ಬಳಕೆಯನ್ನು ನಿಷೇಧಿಸಿತು. ಅದನ್ನು ‘ಹಿಂತೆಗೆತ’ ಎಂದು ಬರೆದರೆ ಹೋರಾಡಿದವರ ದುಡಿಮೆ ವಾಕ್ಯದಿಂದ ಅಳಿಸಿಹೋಗುತ್ತದೆ. ತಯಾರಕರು ತಾವೇ ಹಿಂತೆಗೆದುಕೊಳ್ಳುವುದು ಬೇರೆ, ಇನ್ನೊಬ್ಬರು ನಿಷೇಧಿಸುವುದು ಬೇರೆ. ಆ ಭೇದ ಪದದಲ್ಲಿ ಉಳಿಯಲೇಬೇಕು.

‘ವಿತ್‌ಡ್ರಾ’ ಮತ್ತು ‘ವಿತ್‌ಹೋಲ್ಡ್’ ನಡುವೆ ವಿದ್ಯಾರ್ಥಿಗಳು ಎಡವುತ್ತಾರೆ. ಪರೀಕ್ಷಾ ಫಲಿತಾಂಶದ ಎದುರು ‘ವಿತ್‌ಹೆಲ್ಡ್’ ಎಂದಿದ್ದರೆ ‘ತಡೆಹಿಡಿಯಲಾಗಿದೆ’ ಎಂದು ಅರ್ಥ. ಇನ್ನೂ ಕೊಟ್ಟಿಲ್ಲ, ಕೊಟ್ಟದ್ದನ್ನು ವಾಪಸ್ ತೆಗೆದದ್ದಲ್ಲ. ಇಂಗ್ಲಿಷಿನಲ್ಲಿ ‘ವಿತ್‌ಡ್ರಾ’ದ ಭೂತಕಾಲ ‘ವಿತ್‌ಡ್ರೂ’, ನಂತರದ ರೂಪ ‘ವಿತ್‌ಡ್ರಾನ್’. ‘ವಿತ್‌ಡ್ರಾಡ್’ ಎಂಬುದಿಲ್ಲ.

ಪಡೆ ಮತ್ತು ಮಳೆ

ಸೋತು ಅಥವಾ ಒತ್ತಡಕ್ಕೆ ಸಿಕ್ಕಿ ಹಿಂದೆ ಹೋಗುವುದು ‘ಹಿಮ್ಮೆಟ್ಟುವುದು’. 1812ರಲ್ಲಿ ಮಾಸ್ಕೋದಿಂದ ನೆಪೋಲಿಯನ್ನನ ಪಡೆ ಹಿಮ್ಮೆಟ್ಟಿತು. ತೀರ್ಮಾನ ಮಾಡಿ ಕರೆಸಿಕೊಳ್ಳುವುದು ‘ವಾಪಸಾತಿ’. 1990ರ ಮಾರ್ಚಿನಲ್ಲಿ ಶ್ರೀಲಂಕೆಯಿಂದ ಭಾರತದ ಶಾಂತಿಪಾಲನಾ ಪಡೆಯ ವಾಪಸಾತಿ ಮುಗಿಯಿತು. ‘ಹಿಂಜರಿತ’ವನ್ನು ಇಲ್ಲಿ ತರಬೇಡಿ, ಅದು ಈಗ ಆರ್ಥಿಕತೆಗೆ ಮೀಸಲಾಗಿದೆ, ಮನುಷ್ಯರಿಗೆ ಹೇಳಿದರೆ ಅಳುಕು ಎಂದಾಗುತ್ತದೆ.

ಹವಾಮಾನ ಇಲಾಖೆಯ ಲೆಕ್ಕದಲ್ಲಿ ನೈರುತ್ಯ ಮುಂಗಾರು ಕೇರಳಕ್ಕೆ ಬರುವುದು ಜೂನ್ 1ಕ್ಕೆ, ರಾಜಸ್ಥಾನದಿಂದ ಮರಳತೊಡಗುವುದು ಸೆಪ್ಟೆಂಬರ್ 17ಕ್ಕೆ, ದೇಶದಿಂದ ಪೂರ್ತಿ ಮರಳುವುದು ಅಕ್ಟೋಬರ್ 15ರ ಹೊತ್ತಿಗೆ. ಇದು ‘ಮುಂಗಾರು ಮರಳುವುದು’ ಅಥವಾ ‘ನಿರ್ಗಮನ’. ಮಳೆಯನ್ನು ಯಾರೂ ಹಿಂತೆಗೆಯುವುದಿಲ್ಲ.

ಮದ್ದು, ಹಾಲು, ಕುಡಿತ

ಪದದ ಆಯ್ಕೆ ನೇರವಾಗಿ ದೇಹಕ್ಕೆ ತಟ್ಟುವುದು ಇಲ್ಲಿ. ಈ ವಿಭಾಗದ ಯಾವ ಬಳಕೆಗೂ ‘ಹಿಂತೆಗೆತ’ ಹೊಂದುವುದಿಲ್ಲ. ಇಲ್ಲಿ ಬೇಕಾದ ಕ್ರಿಯಾಪದಗಳು ‘ಬಿಡು’ ಮತ್ತು ‘ನಿಲ್ಲಿಸು’.

ದನಗಳ ಮದ್ದಿನ ಲೇಬಲ್ಲಿನಲ್ಲಿ ‘ವಿತ್‌ಡ್ರಾವಲ್ ಪೀರಿಯಡ್’ ಎಂದಿರುತ್ತದೆ. ಕೊನೆಯ ಡೋಸ್ ಕೊಟ್ಟ ಮೇಲೆ ಎಷ್ಟು ದಿನ ಹಾಲು, ಮೊಟ್ಟೆ ಅಥವಾ ಮಾಂಸವನ್ನು ಜನರ ಆಹಾರಕ್ಕೆ ಬಳಸಬಾರದು ಎಂಬುದೇ ಅದು. ಭಾರತದ ಔಷಧ ನಿಯಮಗಳ ಪ್ರಕಾರ, ಆ ಮದ್ದಿಗೆ ಬೇರೆ ಅವಧಿ ಗೊತ್ತುಪಡಿಸಿಲ್ಲವಾದರೆ ಹಾಲು, ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ ಕನಿಷ್ಠ 28 ದಿನ ಬಿಡಬೇಕು. ಕನ್ನಡದಲ್ಲಿ ಇದಕ್ಕೆ ‘ಹಾಲು ಬಳಸಬಾರದ ಅವಧಿ’ ಎಂದೇ ಬರೆಯಬೇಕು. ‘ಬಿಡುವಿನ ಅವಧಿ’ ಎಂದರೂ ಸಾಲದು, ಏಕೆಂದರೆ ಏನನ್ನು ಬಿಡಬೇಕು, ಮದ್ದನ್ನೋ ಹಾಲನ್ನೋ ಎಂದು ಸಂದೇಹ ಬರುತ್ತದೆ.

ಇಲ್ಲಿ ಆಗುವ ತಪ್ಪುಗಳು ಸುಮಾರಾಗಿ ಇವೇ. ಎಣಿಕೆಯನ್ನು ಮೊದಲ ಡೋಸಿನಿಂದ ಆರಂಭಿಸುತ್ತಾರೆ, ಆರಂಭಿಸಬೇಕಾದದ್ದು ಕೊನೆಯ ಡೋಸಿನಿಂದ. ಕೆಚ್ಚಲು ಬಾವಿಗೆ ಒಂದು ಮೊಲೆಗೆ ಮಾತ್ರ ಟ್ಯೂಬು ಏರಿಸಿದ್ದೇವೆಂದು ಉಳಿದ ಮೂರರ ಹಾಲನ್ನು ಸಂಘಕ್ಕೆ ಹಾಕುತ್ತಾರೆ. ಮದ್ದು ರಕ್ತಕ್ಕೆ ಸೇರಿ ಬೇರೆ ಮೊಲೆಗಳ ಹಾಲಿಗೂ ಬರಬಹುದಾದ್ದರಿಂದ ನಾಲ್ಕರ ಹಾಲನ್ನೂ ಬಿಡಬೇಕು. ಕುದಿಸಿದರೆ ಸರಿಹೋಗುತ್ತದೆಂಬ ನಂಬಿಕೆಯೂ ಇದೆ, ಆದರೆ ಕುದಿಸಿದ ಮಾತ್ರಕ್ಕೆ ಆಂಟಿಬಯೋಟಿಕ್ ಅಂಶ ಹೋಗುವುದಿಲ್ಲ. ಅಂತಹ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಕೂರದೆ ಇರುವುದುಂಟು, ಹೆಪ್ಪಿನ ಬ್ಯಾಕ್ಟೀರಿಯಾಗಳನ್ನು ಮದ್ದು ತಡೆಯುವುದೇ ಕಾರಣ. ಹೈನುಗಾರರಿಗೆ ಕೊಡುವ ಚೀಟಿಯಲ್ಲಿ ದಿನಗಳ ಸಂಖ್ಯೆಗಿಂತ ದಿನಾಂಕ ಬರೆಯುವುದು ಹೆಚ್ಚು ಪ್ರಯೋಜನಕರ: ‘ಕೊನೆಯ ಇಂಜೆಕ್ಷನ್ ಜೂನ್ 10. ಜೂನ್ 17ರ ತನಕ ಹಾಲು ಹಾಕಬೇಡಿ.’ ಹೀಗೆ ಬರೆದರೆ ಅನುವಾದದ ಅಗತ್ಯವೇ ಬರುವುದಿಲ್ಲ.

ಮನುಷ್ಯರ ಮಟ್ಟಿಗೆ ‘ವಿತ್‌ಡ್ರಾವಲ್ ಸಿಂಪ್ಟಮ್ಸ್’ ಎಂಬುದನ್ನು ‘ಹಿಂತೆಗೆತದ ಲಕ್ಷಣಗಳು’ ಎಂದು ಬರೆಯುವುದು ರೂಢಿಯಾಗಿದೆ. ಮನೆಯವರಿಗೆ ಇದರಿಂದ ಏನೂ ಹೊಳೆಯದು. ‘ಕುಡಿತ ಬಿಟ್ಟಾಗ ಕಾಣುವ ತೊಂದರೆ’ ಎಂದು ಬರೆಯಿರಿ, ಮದ್ಯವಲ್ಲದಿದ್ದರೆ ‘ಮಾತ್ರೆ ಬಿಟ್ಟಾಗ’, ‘ಬೀಡಿ ಬಿಟ್ಟಾಗ’ ಎಂದು ವಸ್ತುವಿನ ಹೆಸರು ಹೇಳಿ. ಹೆಸರು ಹೇಳುವುದು ಏಕೆ ಮುಖ್ಯವೆಂದರೆ ಅಪಾಯದ ಮಟ್ಟ ಒಂದೇ ಅಲ್ಲ. ಬೀಡಿ ಬಿಟ್ಟಾಗ ಸಿಡುಕು, ನಿದ್ದೆಗೇಡು ಬರುತ್ತವೆ, ಜೀವಕ್ಕೆ ಅಪಾಯವಿಲ್ಲ. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಸಾಮಾನ್ಯವಾಗಿ 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು, ವಾಂತಿ ಆರಂಭವಾಗುತ್ತವೆ. ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರು ಗೊಂದಲಗೊಂಡು ಇಲ್ಲದ್ದನ್ನು ಕಾಣುವುದು, ಕೇಳುವುದು ಉಂಟು. ಅದು ಚಿಕಿತ್ಸೆ ಸಿಗದಿದ್ದರೆ ಸಾವಿಗೂ ಕಾರಣವಾಗಬಲ್ಲ ಸ್ಥಿತಿ. ಅದನ್ನು ‘ಹಿಂತೆಗೆತ’ ಎಂದು ಬರೆದರೆ ಓದಿದವರು ಆಸ್ಪತ್ರೆಗೆ ಓಡುವುದಿಲ್ಲ. ‘ಕುಡಿತ ನಿಲ್ಲಿಸಿದ ಮೂರನೆಯ ದಿನ ತೊದಲಿ ಏನೇನೋ ಹೇಳುತ್ತಿದ್ದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ, ಕೊನೆಯ ಬಾರಿ ಕುಡಿದದ್ದು ಯಾವಾಗ ಎಂದು ವೈದ್ಯರಿಗೆ ಹೇಳಿ’ ಎಂದು ಬರೆದರೆ ಓಡುತ್ತಾರೆ. ದಿನವೂ ಕುಡಿಯುವವರಿಗೆ ‘ಇವತ್ತೇ ಬಿಟ್ಟುಬಿಡಿ’ ಎಂದು ಕರಪತ್ರದಲ್ಲಿ ಬರೆಯುವ ಮೊದಲೂ ಇದನ್ನು ನೆನಪಿಡಬೇಕು. ‘ವೈದ್ಯರ ಸಹಾಯದಿಂದ ಬಿಡಿ’ ಎಂಬುದೇ ಸರಿಯಾದ ಸಲಹೆ.

ಸ್ವಭಾವದ ಬಗ್ಗೆ ‘ವಿತ್‌ಡ್ರಾನ್’ ಎಂದಾಗ ‘ಅಂತರ್ಮುಖಿ’ ಎಂದು ಅನುವಾದಿಸುವುದುಂಟು. ಅಂತರ್ಮುಖಿ ಎಂಬುದು ಹುಟ್ಟುಗುಣ, ತೊಂದರೆಯಲ್ಲ. ಶಾಲೆಯ ವರದಿಯಲ್ಲಿಯೋ ವೈದ್ಯರ ಚೀಟಿಯಲ್ಲಿಯೋ ಆ ಪದ ಇದ್ದರೆ ಹೆಚ್ಚಾಗಿ ಸೂಚಿಸುವುದು ಬದಲಾವಣೆಯನ್ನು: ಮೊದಲು ಬೆರೆಯುತ್ತಿದ್ದ ಮಗು ಈಗ ಯಾರೊಂದಿಗೂ ಸೇರುತ್ತಿಲ್ಲ. ‘ಈಚೆಗೆ ಎಲ್ಲರಿಂದ ದೂರ ಉಳಿಯುತ್ತಿದ್ದಾನೆ’ ಎಂದು ಬರೆದರೆ ಹೆತ್ತವರಿಗೆ ‘ಈಚೆಗೆ’ ಎಂಬುದು ಕಣ್ಣಿಗೆ ಬೀಳುತ್ತದೆ.

ಅರ್ಜಿಯ ಒಂದು ಮಾದರಿ

ಕಚೇರಿಗೆ ಕೊಟ್ಟ ಅರ್ಜಿಯೊಂದನ್ನು ಹಿಂತೆಗೆದುಕೊಳ್ಳಲು ಬರೆಯುವಾಗ ಇಷ್ಟು ಸಾಕು:

‘ವಿಷಯ: ಇಂತಹ ದಿನಾಂಕದ, ಇಂತಹ ಸಂಖ್ಯೆಯ ಅರ್ಜಿಯನ್ನು ಹಿಂತೆಗೆದುಕೊಳ್ಳುವ ಕುರಿತು. ಮೇಲೆ ಹೇಳಿದ ಅರ್ಜಿಯನ್ನು ನಾನು ಹಿಂತೆಗೆದುಕೊಂಡಿದ್ದೇನೆ. ಅದರ ಮೇಲೆ ಮುಂದಿನ ಕ್ರಮ ಬೇಡ. ಅರ್ಜಿಯೊಂದಿಗೆ ಕೊಟ್ಟಿದ್ದ ಮೂಲ ದಾಖಲೆಗಳನ್ನು ಹಿಂಪಡೆಯಲು ಅನುಮತಿ ಕೊಡಬೇಕಾಗಿ ವಿನಂತಿ.’

ಮೊದಲ ವಾಕ್ಯ ಅರ್ಜಿಯ ಬಲವನ್ನು ತೆಗೆಯುತ್ತದೆ, ಎರಡನೆಯದು ಕಡತವನ್ನು ನಿಲ್ಲಿಸುತ್ತದೆ, ಮೂರನೆಯದು ಕಾಗದಗಳನ್ನು ಕೈಗೆ ತರುತ್ತದೆ. ‘ಅರ್ಜಿ ರದ್ದುಪಡಿಸಿ’ ಎಂದು ಬರೆಯಬಾರದು, ರದ್ದುಪಡಿಸುವುದು ಕಚೇರಿಯ ತೀರ್ಮಾನ, ಹಿಂತೆಗೆದುಕೊಳ್ಳುವುದು ನಿಮ್ಮದು. ಅರ್ಜಿಯ ಸಂಖ್ಯೆ ಕನ್ನಡದ ಪ್ರತಿಯಲ್ಲೂ ಮಲಯಾಳದ ರಶೀದಿಯಲ್ಲಿದ್ದಂತೆಯೇ, ಗೆರೆ, ಚುಕ್ಕಿ ಸಹಿತ ಇರಲಿ. ಪದದ ಬಗ್ಗೆ ಸಂದೇಹ ಉಳಿದರೆ ವಿಷಯದ ಸಾಲಿನಲ್ಲಿ ಮಾತ್ರ ‘ವಿತ್‌ಡ್ರಾವಲ್’ ಎಂಬುದನ್ನೂ ಕನ್ನಡ ಲಿಪಿಯಲ್ಲಿ ಸೇರಿಸಬಹುದು. ಕಡತ ತೆರೆಯುವ ಗುಮಾಸ್ತರಿಗೆ ಕನ್ನಡ ಬಾರದಿದ್ದರೂ ಪಕ್ಕದವರು ಓದಿ ಹೇಳಿದಾಗ ಯಾವ ಕಡತವೆಂದು ತಿಳಿಯುತ್ತದೆ. ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ.